ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಎಷ್ಟು ದೂರ, ಎಷ್ಟು ಹೊತ್ತು?

ಎರಡು ಊರುಗಳ ನಡುವಣ ದೂರವೆಷ್ಟು ಎಂಬ ಪ್ರಶ್ನೆ ಮೇಲುನೋಟಕ್ಕೆ ಬಹಳ ಸುಲಭವಾದುದೆಂದು ತೋರುತ್ತದೆ. ಮುಂಬಯಿಯಿಂದ ಪುಣೆಗೆ ರಸ್ತೆಯಲ್ಲಿ ಹೋಗುವವನಿಗೆ ದಾರಿಯ ಬದಿಯ ಕಲ್ಲುಗಳೇ ಉತ್ತರ ಹೇಳುತ್ತವೆ. ರೈಲಿನಲ್ಲಿ ಹೋಗುವವನಿಗೆ ವೇಳಾಪಟ್ಟಿ ಹೇಳುತ್ತದೆ. ಆದರೆ ಆಕಾಶದಲ್ಲಿ ಮೈಲಿಗಲ್ಲುಗಳಿಲ್ಲ. ಭೂಮಿಯ ಒಂದು ಮಗ್ಗುಲಲ್ಲಿರುವ ಊರಿನಿಂದ ಮತ್ತೊಂದು ಮಗ್ಗುಲಲ್ಲಿರುವ ಊರಿಗೆ ವಿಮಾನವು ಹಾರಿಹೋಗುವಾಗ, ಅದು ಯಾವ ದಾರಿಯನ್ನು ಹಿಡಿಯಬೇಕು, ಆ ದಾರಿಯ ಉದ್ದವೆಷ್ಟು, ಅದನ್ನು ಕ್ರಮಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು ಗಣಿತದಿಂದಲೇ ತಿಳಿಯಬೇಕು.

ಈ ವಿಷಯವು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. ಕರ್ನಾಟಕದಿಂದ ಮುಂಬಯಿಗೆ ಬಂದು ನೆಲೆಸಿದವರ ಮಕ್ಕಳು ನಾವು. ನಮ್ಮಂತೆಯೇ ಅಮೆರಿಕೆಯ ಪಶ್ಚಿಮ ತೀರದಲ್ಲಿ ಹೋಗಿ ನೆಲೆಸಿದ ಕನ್ನಡಿಗರು ಇಂದು ಬಹುಮಂದಿ ಇದ್ದಾರೆ. ಬೆಂಗಳೂರಿನಲ್ಲಿ ವೃದ್ಧೆಯಾದ ತಾಯಿಯೊಬ್ಬಳಿಗೆ ಕಾಯಿಲೆಯಾಗಿ, ದೂರದ ಮಗನಿಗೆ ಸುದ್ದಿ ಹೋಯಿತೆನ್ನಿ. "ಅವನು ಎಂದು ಬಂದಾನು? ಎಷ್ಟು ಹೊತ್ತಿಗೆ ಬಂದಾನು?" ಎಂಬುದೇ ಆಗ ಮನೆಯವರೆಲ್ಲರ ಮಾತು. ಈ ಮಾತಿಗೆ ಉತ್ತರವು ಭೂಗೋಲ, ತ್ರಿಕೋನಮಿತಿ, ಹವೆಯ ಚಲನೆ, ಗಡಿಯಾರ ಈ ನಾಲ್ಕರ ಲೆಕ್ಕದಲ್ಲಿ ಅಡಗಿದೆ. ಆದುದರಿಂದ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಎಂಬ ಈ ಎರಡು ನಗರಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಲೆಕ್ಕವನ್ನು ಒಂದೊಂದೇ ಮೆಟ್ಟಿಲಾಗಿ ಏರೋಣ.

ಭೂಪಟವು ಮಾಡುವ ಮೋಸ

ತರಗತಿಯ ಗೋಡೆಗೆ ತೂಗುಹಾಕಿದ ಪ್ರಪಂಚದ ಭೂಪಟವನ್ನು ನೋಡಿರಿ. ಅದರಲ್ಲಿ ಬೆಂಗಳೂರಿನಿಂದ ಬಲಗಡೆಗೆ ಹೊರಟರೆ ಬಂಗಾಳ ಕೊಲ್ಲಿ, ಬರ್ಮಾ, ದಕ್ಷಿಣ ಚೀನಾ ಇವನ್ನು ದಾಟಿ, ವಿಶಾಲವಾದ ಶಾಂತಸಾಗರದ ಮೇಲೆ ಸಾಗಿ ಅಮೆರಿಕೆಯನ್ನು ಸೇರಬೇಕು. ಎರಡು ಬಿಂದುಗಳ ನಡುವಣ ಅತ್ಯಂತ ಹತ್ತಿರದ ದಾರಿ ಸರಳರೇಖೆಯೆಂದು ರೇಖಾಗಣಿತದಲ್ಲಿ ಓದಿದ್ದೇವಷ್ಟೆ. ಹಾಗಾದರೆ ಅಡಿಪಟ್ಟಿಯನ್ನಿಟ್ಟು ಈ ಗೆರೆಯನ್ನು ಎಳೆದುಬಿಟ್ಟರೆ ಸಾಕೆಂದು ಯಾರಿಗಾದರೂ ತೋರಬಹುದು. ಆದರೆ ಆ ನಿಯಮವು ಸಮತಲಕ್ಕೆ ಸಂಬಂಧಿಸಿದುದು. ಭೂಮಿಯು ಸಮತಲವಲ್ಲ, ಗೋಳ. ಗೋಳದ ಮೈಯನ್ನು ಸುಲಿದು ಹಲಗೆಯ ಮೇಲೆ ಹರಡಬೇಕಾದರೆ ಅದು ಎಲ್ಲಿಯಾದರೂ ಹರಿಯಬೇಕು, ಇಲ್ಲವೆ ಎಲ್ಲಿಯಾದರೂ ಹಿಗ್ಗಬೇಕು. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಹರಡಲು ಪ್ರಯತ್ನಿಸಿದವರಿಗೆಲ್ಲ ಇದು ಗೊತ್ತು.

ಶಾಲೆಗಳಲ್ಲಿ ಬಹಳವಾಗಿ ಕಾಣಸಿಗುವ ಭೂಪಟವು 1569ರಲ್ಲಿ ಮರ್ಕೇಟರ್ ಎಂಬ ಪಂಡಿತನು ನಾವಿಕರಿಗಾಗಿ ರಚಿಸಿದ ಮಾದರಿಯದು. ಅದರಲ್ಲಿ ದಿಕ್ಕುಗಳು ಸರಿಯಾಗಿ ತೋರುತ್ತವೆ. ಆದರೆ ಧ್ರುವಗಳ ಕಡೆಗೆ ಹೋದಂತೆಲ್ಲ ಪ್ರದೇಶಗಳು ಹಿಗ್ಗುತ್ತ ಹೋಗುತ್ತವೆ. ಗ್ರೀನ್‌ಲೆಂಡು ಆಫ್ರಿಕಾ ಖಂಡದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ ಸುಮಾರು ಹದಿನಾಲ್ಕರಷ್ಟಿದೆ. ಹೀಗೆ ಅಳತೆಗೋಲೇ ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಪಟದ ಮೇಲೆ ಅಡಿಪಟ್ಟಿಯನ್ನಿಟ್ಟು ದೂರವನ್ನು ಅಳೆಯುವುದು ಹೇಗೆ?

ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 60 ಡಿಗ್ರಿ ಉತ್ತರ ಅಕ್ಷಾಂಶದ ವೃತ್ತದ ಮೇಲೆ, ಒಂದಕ್ಕೊಂದು ಎದುರಾಗಿ, 180 ಡಿಗ್ರಿ ರೇಖಾಂಶದ ಅಂತರದಲ್ಲಿ ಎರಡು ಸ್ಥಳಗಳಿವೆಯೆಂದು ಇಟ್ಟುಕೊಳ್ಳಿ. ಆ ವೃತ್ತದ ಸುತ್ತಳತೆಯು ಭೂಮಧ್ಯರೇಖೆಯ ಅರ್ಧ, ಎಂದರೆ ಸುಮಾರು 20,000 ಕಿಲೋಮೀಟರು. ಏಕೆಂದರೆ 60 ಡಿಗ್ರಿಯ ಕೊಸೈನ್ ಅರ್ಧ. ಆ ವೃತ್ತದ ಗುಂಟ, ಎಂದರೆ ಭೂಪಟದಲ್ಲಿ 'ನೆಟ್ಟಗೆ' ಹೋದರೆ 10,000 ಕಿಲೋಮೀಟರು ಆಗುತ್ತದೆ. ಅದನ್ನು ಬಿಟ್ಟು ಉತ್ತರ ಧ್ರುವದ ಮೇಲೆ ಹಾಯ್ದುಹೋದರೆ 30 ಡಿಗ್ರಿ ಏರಿ 30 ಡಿಗ್ರಿ ಇಳಿದರೆ ಸಾಕು. ಸುಮಾರು 6,670 ಕಿಲೋಮೀಟರಿಗೆ ಪ್ರಯಾಣ ಮುಗಿಯುತ್ತದೆ. ಪಟದಲ್ಲಿ ಸುತ್ತಾಗಿ ಕಾಣುವ ದಾರಿಯೇ ಗೋಳದಲ್ಲಿ ಹತ್ತಿರದ ದಾರಿ.

ದಾರದ ಪ್ರಯೋಗ

ಮಿತ್ರರೇ, ಇದನ್ನು ನಂಬಲು ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಶಾಲೆಯ ಭೂಗೋಲವನ್ನು ಕೈಗೆ ತೆಗೆದುಕೊಂಡು, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೂ ಇಟ್ಟು ಬಿಗಿಯಾಗಿ ಎಳೆಯಿರಿ. ದಾರವು ತಾನಾಗಿಯೇ ಅತ್ಯಂತ ಚಿಕ್ಕ ದಾರಿಯಲ್ಲಿ ಕುಳಿತುಕೊಳ್ಳುತ್ತದೆ. ಅದು ಶಾಂತಸಾಗರದ ನಡುಭಾಗವನ್ನು ಮುಟ್ಟುವುದೇ ಇಲ್ಲ! ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಏರುತ್ತದೆ. ನೇಪಾಳದ ನಡುಭಾಗವನ್ನು ದಾಟಿ, ಟಿಬೆಟ್ಟಿನ ಪ್ರಸ್ಥಭೂಮಿ, ಮಂಗೋಲಿಯಾ, ಸೈಬೀರಿಯಾ ಇವುಗಳ ಮೇಲೆ ಸಾಗಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ, ಎಂದರೆ ಹೆಪ್ಪುಗಟ್ಟಿದ ಸಮುದ್ರದ ಅಂಚಿನವರೆಗೂ ಹೋಗುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಅಮೆರಿಕೆಯ ಪಶ್ಚಿಮ ತೀರವನ್ನು ಹಿಡಿಯುತ್ತದೆ.

ಈ ದಾರವು ತೋರಿದ ಗೆರೆಯನ್ನು ಮುಂದುವರಿಸಿ ಗೋಳವನ್ನು ಪೂರ್ತಿಯಾಗಿ ಸುತ್ತಿದರೆ, ಅದು ಗೋಳವನ್ನು ಸರಿಯಾಗಿ ಎರಡು ಸಮಭಾಗಗಳಾಗಿ ಸೀಳುವ ವೃತ್ತವಾಗುತ್ತದೆ. ಇಂಥ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಭೂಮಧ್ಯರೇಖೆಯು ಒಂದು ಮಹಾವೃತ್ತ; ಎದುರುಬದುರಾದ ಎರಡು ರೇಖಾಂಶಗಳು ಕೂಡಿದರೆ ಒಂದು ಮಹಾವೃತ್ತ. ಉಳಿದ ಅಕ್ಷಾಂಶ ವೃತ್ತಗಳು ಮಹಾವೃತ್ತಗಳಲ್ಲ. ಗೋಳದ ಮೇಲಿನ ಯಾವ ಎರಡು ಸ್ಥಳಗಳಿಗಾದರೂ ಅತ್ಯಂತ ಹತ್ತಿರದ ದಾರಿಯೆಂದರೆ ಅವೆರಡನ್ನೂ ಹಾದುಹೋಗುವ ಮಹಾವೃತ್ತದ ಚಿಕ್ಕ ಕಂಸವೇ.

ದೂರದ ಲೆಕ್ಕ

ದಾರದಿಂದ ದಾರಿ ಗೊತ್ತಾಯಿತು. ಇನ್ನು ಅದರ ಉದ್ದ ತಿಳಿಯಬೇಕು. ಇದಕ್ಕೆ ಮೊದಲು ಭೂಮಿಯ ಸುತ್ತಳತೆ ಗೊತ್ತಿರಬೇಕು. ಒಂದೇ ರೇಖಾಂಶದ ಮೇಲಿರುವ ಎರಡು ಊರುಗಳ ಅಕ್ಷಾಂಶಗಳ ವ್ಯತ್ಯಾಸವನ್ನೂ ಅವುಗಳ ನಡುವಣ ದೂರವನ್ನೂ ಅಳೆದು, ತ್ರೈರಾಶಿಯಿಂದ ಇಡೀ ಪರಿಧಿಯನ್ನು ಪಡೆಯುವ ಮಾರ್ಗವು ನಮ್ಮ ಪ್ರಾಚೀನ ಜ್ಯೋತಿಷಿಗಳಿಗೆ ತಿಳಿದಿತ್ತು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ'ಯಲ್ಲಿ ಭೂಪರಿಧಿಯನ್ನು 4,967 ಯೋಜನಗಳೆಂದು ಹೇಳಿದ್ದಾರೆ. ಮೀಟರು ಎಂಬ ಅಳತೆಯನ್ನಂತೂ ಫ್ರಾನ್ಸಿನ ವಿದ್ವಾಂಸರು 1790ರ ದಶಕದಲ್ಲಿ ಭೂಮಿಯಿಂದಲೇ ಪಡೆದರು: ಧ್ರುವದಿಂದ ಭೂಮಧ್ಯರೇಖೆಗೆ ಇರುವ ದೂರದ ಕೋಟಿಯಲ್ಲೊಂದು ಭಾಗವೇ ಮೀಟರು ಎಂದು ಅವರು ನಿಶ್ಚಯಿಸಿದ್ದರು. ಆದುದರಿಂದಲೇ ಭೂಮಿಯ ಸುತ್ತಳತೆಯು 40,000 ಕಿಲೋಮೀಟರು ಎಂಬ ಗುಂಡಾದ ಸಂಖ್ಯೆಗೆ ಅಷ್ಟು ಸಮೀಪವಾಗಿ ಬರುತ್ತದೆ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. ಈಗಿನ ಸೂಕ್ಷ್ಮವಾದ ಅಳತೆಯಂತೆ ಸರಾಸರಿ 111.2 ಎಂದು ಹಿಡಿಯೋಣ.

ಈಗ ನಮ್ಮ ಎರಡು ನಗರಗಳ ಸ್ಥಾನಗಳು. ದೇವನಹಳ್ಳಿಯ ಬಳಿಯ ಬೆಂಗಳೂರು ವಿಮಾನ ನಿಲ್ದಾಣವು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವು 37.6 ಡಿಗ್ರಿ ಉತ್ತರ ಅಕ್ಷಾಂಶ, 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದುದರಿಂದ ರೇಖಾಂಶಗಳನ್ನು ಕೂಡಬೇಕು: 200.1 ಡಿಗ್ರಿ. ಇದು ಅರ್ಧವೃತ್ತಕ್ಕಿಂತ ಹೆಚ್ಚಾದುದರಿಂದ ಇನ್ನೊಂದು ಮಗ್ಗುಲಿನಿಂದ ಎಣಿಸಬೇಕು: 360ರಲ್ಲಿ 200.1 ಕಳೆದರೆ 159.9 ಡಿಗ್ರಿ.

ಮೊದಲು ಒಂದು ಸ್ಥೂಲವಾದ ಲೆಕ್ಕ ಮಾಡೋಣ. ಈ ಅಂತರವು 180 ಡಿಗ್ರಿಗೆ ಬಹಳ ದೂರವೇನಿಲ್ಲ. ಸರಿಯಾಗಿ 180 ಇದ್ದಿದ್ದರೆ ದಾರಿಯು ಧ್ರುವದ ಮೇಲೆಯೇ ಹೋಗುತ್ತಿತ್ತು. ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ; ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ, ಒಟ್ಟು 129.2 ಡಿಗ್ರಿ. ಇದನ್ನು 111.2ರಿಂದ ಗುಣಿಸಿದರೆ ಸುಮಾರು 14,370 ಕಿಲೋಮೀಟರು. ನಿಜವಾದ ದೂರವು ಇದಕ್ಕಿಂತ ಸ್ವಲ್ಪ ಕಡಮೆಯಿರಲೇಬೇಕು. ಬಾಯಿಲೆಕ್ಕದಲ್ಲಿಯೇ ನಾವು ಉತ್ತರದ ಹತ್ತಿರಕ್ಕೆ ಬಂದೆವು!

ಇನ್ನು ಸೂಕ್ಷ್ಮವಾದ ಲೆಕ್ಕ. ಗೋಳೀಯ ತ್ರಿಕೋನಮಿತಿಯ ನಿಯಮವು ಹೀಗಿದೆ: ಎರಡು ಅಕ್ಷಾಂಶಗಳ ಸೈನುಗಳನ್ನು ಪರಸ್ಪರ ಗುಣಿಸಬೇಕು, ಎರಡು ಅಕ್ಷಾಂಶಗಳ ಕೊಸೈನುಗಳನ್ನೂ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಬೇಕು, ಈ ಎರಡು ಗುಣಲಬ್ಧಗಳನ್ನು ಕೂಡಿದರೆ, ನಮಗೆ ಬೇಕಾದ ಕಂಸದ ಕೊಸೈನ್ ದೊರೆಯುತ್ತದೆ. (ಈ 'ಸೈನ್' ಎಂಬ ಶಬ್ದವು ನಮಗೆ ಪರಕೀಯವಲ್ಲ. ನಮ್ಮವರ 'ಜ್ಯಾ' ಅಥವಾ 'ಜೀವಾ' ಎಂಬುದೇ ಅರಬ್ಬೀ ಭಾಷೆಗೆ ಹೋಗಿ, ಅಲ್ಲಿ ತಪ್ಪಾಗಿ ಓದಲ್ಪಟ್ಟು, ಲ್ಯಾಟಿನ್ನಿಗೆ ಅನುವಾದಗೊಂಡು ಈ ವೇಷದಲ್ಲಿ ಮರಳಿ ಬಂದಿದೆ.)

ಗಣಿತದ ಕೋಷ್ಟಕವನ್ನು ತೆರೆದು ನೋಡಿದರೆ:

13.2 ಡಿಗ್ರಿಯ ಸೈನ್ 0.2284, 37.6 ಡಿಗ್ರಿಯ ಸೈನ್ 0.6101, ಗುಣಲಬ್ಧ 0.1393.
13.2 ಡಿಗ್ರಿಯ ಕೊಸೈನ್ 0.9736, 37.6 ಡಿಗ್ರಿಯ ಕೊಸೈನ್ 0.7923, ಗುಣಲಬ್ಧ 0.7714.
159.9 ಡಿಗ್ರಿಯ ಕೊಸೈನ್ ಋಣ 0.9391, ಇದರಿಂದ 0.7714ನ್ನು ಗುಣಿಸಿದರೆ ಋಣ 0.7244.
ಕೂಡಿದರೆ ಋಣ 0.5851.

ಕೊಸೈನ್ ಋಣವಾಗಿರುವುದರಿಂದ ಕಂಸವು 90 ಡಿಗ್ರಿಗಿಂತ ಹೆಚ್ಚಿನದು, ಅದು 125.8 ಡಿಗ್ರಿ. 111.2ರಿಂದ ಗುಣಿಸಿದರೆ ಸುಮಾರು 13,990 ಕಿಲೋಮೀಟರು. ಭೂಮಿಯ ಮೇಲೆ ಯಾವ ಎರಡು ಸ್ಥಳಗಳಾದರೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರವಿರಲಾರವು ಎಂಬುದನ್ನು ನೆನೆದರೆ, ಈ ಎರಡು ನಗರಗಳು ಎಷ್ಟು ದೂರದವೆಂಬುದು ಮನಸ್ಸಿಗೆ ಬರುತ್ತದೆ. ಭೂಪಟದ ಮೇಲೆ ಅಡಿಪಟ್ಟಿಯಿಂದ ಎಳೆದ ಶಾಂತಸಾಗರದ ಗೆರೆಯ ನಿಜವಾದ ಉದ್ದವಾದರೋ ಸುಮಾರು 16,100 ಕಿಲೋಮೀಟರು. ಆ ಗೆರೆಯನ್ನು ನಂಬಿದವನು 2,100 ಕಿಲೋಮೀಟರುಗಳಷ್ಟು ವ್ಯರ್ಥವಾಗಿ ಹಾರಬೇಕಾದೀತು.

ಹೊತ್ತಿನ ಲೆಕ್ಕ

ದೂರದೇಶಗಳಿಗೆ ಹೋಗುವ ದೊಡ್ಡ ಜೆಟ್ ವಿಮಾನಗಳು ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ ಸುಮಾರು 900 ಕಿಲೋಮೀಟರು ವೇಗದಿಂದ ಹಾರುತ್ತವೆ. 13,990ನ್ನು 900ರಿಂದ ಭಾಗಿಸಿದರೆ 15 ಗಂಟೆ 33 ನಿಮಿಷ. ನೆಲದ ಮೇಲೆ ಉರುಳುವುದು, ಏರುವುದು, ಇಳಿಯುವುದು ಇವು ನಿಧಾನವಾದ ಕೆಲಸಗಳಾದುದರಿಂದ ಇನ್ನು ಅರ್ಧ ಗಂಟೆಯನ್ನು ಸೇರಿಸಬೇಕು. ಗಾಳಿಯಿಲ್ಲದ ಆಕಾಶದಲ್ಲಿ, ಅತ್ಯಂತ ಹತ್ತಿರದ ದಾರಿಯಲ್ಲಿ, ಸುಮಾರು 16 ಗಂಟೆ ಎಂದಾಯಿತು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಬಹುದು: "ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಲ್ಲ? ಬೆಂಗಳೂರಿನ ನೆಲವೇ ಗಂಟೆಗೆ 1,600 ಕಿಲೋಮೀಟರಿಗಿಂತ ಹೆಚ್ಚು ವೇಗದಿಂದ ಪೂರ್ವಕ್ಕೆ ಓಡುತ್ತಿದೆ. ವಿಮಾನವು ಮೇಲಕ್ಕೇರಿ ಸುಮ್ಮನೆ ನಿಂತರೆ, ಅಮೆರಿಕೆಯೇ ತಿರುಗಿ ಬಂದು ಅದರ ಕೆಳಗೆ ನಿಲ್ಲಬಾರದೇಕೆ?" ಪ್ರಶ್ನೆ ಚೆನ್ನಾಗಿದೆ. ಆದರೆ ಭೂಮಿಯೊಡನೆ ಅದರ ವಾಯುಮಂಡಲವೂ ತಿರುಗುತ್ತದೆ. ಆ ಗಾಳಿಯಲ್ಲಿ ತೇಲುವ ವಿಮಾನವೂ ನೆಲವನ್ನು ಬಿಡುವ ಮೊದಲೇ ಆ ವೇಗವನ್ನು ಪಡೆದಿರುತ್ತದೆ. ಓಡುವ ರೈಲಿನೊಳಗೆ ಕುಳಿತವನು ಚೆಂಡನ್ನು ನೆಟ್ಟಗೆ ಮೇಲಕ್ಕೆಸೆದರೆ ಅದು ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲ, ಅವನ ಕೈಗೇ ಬರುತ್ತದೆ. ಇಲ್ಲಿಯೂ ಹಾಗೆಯೇ.

ಆದರೂ ಪೂರ್ವಕ್ಕೆ ಹೋಗುವ ವಿಮಾನಗಳು ಬೇಗನೆಯೂ ಪಶ್ಚಿಮಕ್ಕೆ ಹೋಗುವವು ತಡವಾಗಿಯೂ ತಲಪುವುದು ಸಾಮಾನ್ಯ. ಅದಕ್ಕೆ ಕಾರಣ ಗಾಳಿ. ಸಮಶೀತೋಷ್ಣ ವಲಯದಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಅವಕ್ಕೆ ಜೆಟ್ ಪ್ರವಾಹಗಳೆಂದು ಹೆಸರು. ಗಂಟೆಗೆ 150, 200 ಕಿಲೋಮೀಟರುಗಳ ವೇಗವು ಅವಕ್ಕೆ ಸಾಮಾನ್ಯ. ಚಳಿಗಾಲದಲ್ಲಿ ಅವು ಇನ್ನೂ ಬಲಗೊಳ್ಳುತ್ತವೆ. ಹೊಳೆಯ ಸೆಳವಿನೊಡನೆ ಹೋಗುವ ದೋಣಿಗೂ ಎದುರಾಗಿ ಹೋಗುವ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯದು.

ಗಾಳಿಯಿಂದ ಹೋಗುವಾಗ ಆದ ಲಾಭವು ಬರುವಾಗ ಆದ ನಷ್ಟಕ್ಕೆ ಸರಿಹೋಗುವುದೆಂದು ಅನೇಕರು ತಿಳಿಯುತ್ತಾರೆ. ಲೆಕ್ಕ ಮಾಡಿ ನೋಡೋಣ. 5,000 ಕಿಲೋಮೀಟರು ದಾರಿ. ವಿಮಾನದ ವೇಗ 900. ಗಾಳಿಯ ವೇಗ 150. ಗಾಳಿಯೊಡನೆ ಹೋದರೆ ವೇಗ 1,050. ಹಿಡಿಯುವ ಹೊತ್ತು 4 ಗಂಟೆ 46 ನಿಮಿಷ. ಗಾಳಿಗೆ ಎದುರಾಗಿ ಬಂದರೆ ವೇಗ 750. ಹಿಡಿಯುವ ಹೊತ್ತು 6 ಗಂಟೆ 40 ನಿಮಿಷ. ಎರಡೂ ಸೇರಿ 11 ಗಂಟೆ 26 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 11 ಗಂಟೆ 7 ನಿಮಿಷ ಸಾಕು. ಹತ್ತೊಂಬತ್ತು ನಿಮಿಷ ನಷ್ಟವಾಯಿತು! ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಅನುಕೂಲವಾದ ಗಾಳಿಯಿಂದ ಬೇಗನೆ ಹೊರಬರುತ್ತದೆ. ಆದುದರಿಂದ ನಷ್ಟವು ಯಾವಾಗಲೂ ಲಾಭಕ್ಕಿಂತ ಹೆಚ್ಚು.

ಹತ್ತಿರದ ದಾರಿಯನ್ನು ಬಿಟ್ಟು ಬಳಸುವುದೇಕೆ?

ಇಷ್ಟೆಲ್ಲ ಲೆಕ್ಕ ಮಾಡಿ ಕಂಡುಹಿಡಿದ ಮಹಾವೃತ್ತದ ಗೆರೆಯ ಮೇಲೆಯೇ ವಿಮಾನವು ಹಾರುವುದೋ ಎಂದರೆ, ಇಲ್ಲ. ಗಣಿತವು ತೋರುವುದು ಅತ್ಯಂತ ಹತ್ತಿರದ ದಾರಿಯನ್ನು. ಚಾಲಕರಿಗೆ ಬೇಕಾದುದು ಸುರಕ್ಷಿತವಾದ ದಾರಿ.

ಗಾಳಿಯೇ ಮೊದಲನೆಯ ಕಾರಣ. ಸಾವಿರ ಕಿಲೋಮೀಟರು ಹೆಚ್ಚು ಹಾರಿದರೂ ಹಿಂದಿನಿಂದ ಬಲವಾದ ಗಾಳಿ ದೊರೆತರೆ ಹೊತ್ತೂ ಇಂಧನವೂ ಉಳಿಯಬಹುದು. ಆದುದರಿಂದ ದಾರಿಯನ್ನು ಅಂದಂದಿನ ಹವೆಯನ್ನು ನೋಡಿ ಅಂದಂದೇ ಗೊತ್ತುಮಾಡುತ್ತಾರೆ.

ಎರಡನೆಯದು ನೆಲದ ಎತ್ತರ. ನಮ್ಮ ಗೆರೆಯು ಹಿಮಾಲಯವನ್ನೂ ಟಿಬೆಟ್ಟನ್ನೂ ದಾಟುತ್ತದೆಂದು ಹೇಳಿದೆವಷ್ಟೆ. ಅಷ್ಟು ಎತ್ತರದಲ್ಲಿ ಹಾರುವ ವಿಮಾನಕ್ಕೆ ಬೆಟ್ಟವು ತಾಗುವುದಿಲ್ಲವೆಂಬುದು ನಿಜ. ಆದರೆ ವಿಮಾನದೊಳಗಿನ ಗಾಳಿಯ ಒತ್ತಡವು ಹಠಾತ್ತಾಗಿ ಕಡಮೆಯಾದರೆ, ಪ್ರಯಾಣಿಕರು ಉಸಿರಾಡಬಲ್ಲ ಸುಮಾರು 3,000 ಮೀಟರು ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಮುಖಕ್ಕೆ ಹಾಕಿಕೊಳ್ಳುವ ಆಮ್ಲಜನಕವು ಕೆಲವು ನಿಮಿಷಗಳಿಗೆ ಮಾತ್ರ ಸಾಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರಿನಷ್ಟು ಎತ್ತರವಿರುವಾಗ ಇಳಿಯುವುದೆಲ್ಲಿ?

ಮೂರನೆಯದು ಚಳಿ. ಧ್ರುವದ ಕಡೆಗೆ ಎತ್ತರದ ಹವೆಯ ಉಷ್ಣತೆಯು ಶೂನ್ಯಕ್ಕಿಂತ 60 ಡಿಗ್ರಿಗೂ ಕೆಳಗೆ ಹೋಗಬಹುದು. ಜೆಟ್ ವಿಮಾನಗಳಲ್ಲಿ ಬಳಸುವ ಒಂದು ಬಗೆಯ ಎಣ್ಣೆಯು ಶೂನ್ಯಕ್ಕಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ರೆಕ್ಕೆಗಳೊಳಗಿನ ಎಣ್ಣೆಯ ಉಷ್ಣತೆಯನ್ನು ಚಾಲಕರು ಕಾಯುತ್ತಲೇ ಇರಬೇಕು. ಅದು ತೀರ ಇಳಿದರೆ ಬೆಚ್ಚನೆಯ ಹವೆಯಿರುವ ಪದರಕ್ಕೆ ಹೋಗಬೇಕು. ಕಾಂತಧ್ರುವದ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳನ್ನೂ ನಂಬುವಂತಿಲ್ಲ.

ನಾಲ್ಕನೆಯದು ರಾಜ್ಯಗಳ ಗಡಿ. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಒಡೆತನವಿದೆ. 2022ರಲ್ಲಿ ಯುದ್ಧದ ಕಾರಣದಿಂದ ರಷ್ಯಾದೇಶವು ಅಮೆರಿಕ ಮತ್ತು ಯುರೋಪಿನ ಅನೇಕ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಬಳಸಿ ಅರಬ್ಬೀ ಸಮುದ್ರದ ಮೇಲೆ ಹೋಗಬೇಕಾಯಿತು. ಭೂಗೋಲವು ಬದಲಾಗದಿದ್ದರೂ ದೂರವು ಬದಲಾಯಿತು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ತೊಂದರೆಯಾದರೆ ಇಳಿಯಲು ತಾಣ. ಎರಡು ಎಂಜಿನುಗಳ ವಿಮಾನವು, ಒಂದು ಎಂಜಿನು ಕೆಟ್ಟರೂ ಇನ್ನೊಂದರ ಬಲದಿಂದ ಗೊತ್ತಾದ ಅವಧಿಯೊಳಗೆ ಯಾವುದಾದರೊಂದು ನಿಲ್ದಾಣವನ್ನು ಸೇರುವಂತಿರಬೇಕೆಂದು ನಿಯಮವಿದೆ. ಈ ನಿಯಮದ ಬೆಲೆಯು 2023ರ ಜೂನ್ 6ರಂದು ಕಂಡುಬಂದಿತು. ಅಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನದ ಒಂದು ಎಂಜಿನಿನಲ್ಲಿ ತೊಂದರೆ ಕಾಣಿಸಿಕೊಳ್ಳಲು, ಚಾಲಕರು ಅದನ್ನು ರಷ್ಯಾದ ಪೂರ್ವದ ಅಂಚಿನ ಮಗಡಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಸಿದರು. ಅದರಲ್ಲಿದ್ದವರು 216 ಮಂದಿ ಪ್ರಯಾಣಿಕರು, 16 ಮಂದಿ ಸಿಬ್ಬಂದಿ. ಮರುದಿನ ಮುಂಬಯಿಯಿಂದ ಮತ್ತೊಂದು ವಿಮಾನವನ್ನು ಕಳುಹಿಸಿ ಅವರನ್ನು ಮುಂದಕ್ಕೆ ಸಾಗಿಸಲಾಯಿತು. ಹೆಸರೇ ಕೇಳದಿದ್ದ ಒಂದು ಊರು ಅಂದು ಇನ್ನೂರಕ್ಕೂ ಮಿಕ್ಕ ಜನರಿಗೆ ಆಸರೆಯಾಯಿತು. ಭೂಪಟದ ಮೂಲೆಯಲ್ಲಿರುವ ಊರುಗಳನ್ನು ಓದುವುದರಿಂದ ಏನು ಪ್ರಯೋಜನವೆಂದು ಕೇಳುವವರು ಇದನ್ನು ನೆನೆಯಬೇಕು.

ಮೊದಲ ಹಾರಾಟ

ಈ ಎರಡು ನಗರಗಳ ನಡುವೆ ನಡುವೆಲ್ಲಿಯೂ ಇಳಿಯದ ಮೊದಲ ಹಾರಾಟವನ್ನು ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿಯಲ್ಲಿ ನಡೆಸಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಆ ಬೋಯಿಂಗ್ 777 ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ಮುಂದಾಳುತನದ ನಾಲ್ವರು ಮಹಿಳೆಯರು. ಅವರು ಉತ್ತರ ಧ್ರುವದ ಮೇಲಿನ ದಾರಿಯನ್ನು ಹಿಡಿದು, ಸುಮಾರು 16,000 ಕಿಲೋಮೀಟರುಗಳನ್ನು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿದರು. ಗಣಿತದ ದೂರ 13,990. ಹಾರಿದ ದೂರ 16,000. ಮೇಲೆ ಹೇಳಿದ ಕಾರಣಗಳೆಲ್ಲ ಈ ಎರಡು ಸಂಖ್ಯೆಗಳ ವ್ಯತ್ಯಾಸದಲ್ಲಿ ಅಡಗಿವೆ. ಇಂಥ ವಿಮಾನದ ತೊಟ್ಟಿಗಳು ಸುಮಾರು 1,81,000 ಲೀಟರು ಎಣ್ಣೆಯನ್ನು ಹಿಡಿಯುತ್ತವೆ. ಲೆಕ್ಕದಲ್ಲಿ ತಪ್ಪಿದರೆ ಆಕಾಶದಲ್ಲಿ ಎಣ್ಣೆಯ ಅಂಗಡಿಯಿಲ್ಲ.

ಇದಕ್ಕೆ ತೊಂಬತ್ತು ವರ್ಷಗಳ ಹಿಂದಿನ ಸ್ಥಿತಿಯನ್ನು ಹೋಲಿಸಿ ನೋಡಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂದೇ ಎಂಜಿನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅಂಚೆಯನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನಿಗೆ ಹೋಯಿತು. ಸ್ವತಂತ್ರ ಭಾರತದಿಂದ ಪಶ್ಚಿಮಕ್ಕೆ ಹೊರಟ ನಮ್ಮದೇ ವಿಮಾನವದು. 1960ರಲ್ಲಿ ನ್ಯೂಯಾರ್ಕಿನವರೆಗೂ ನಮ್ಮ ಜೆಟ್ ವಿಮಾನಗಳು ಹೋಗತೊಡಗಿದವು. ಬಳ್ಳಾರಿಯಲ್ಲಿ ಇಳಿದೇ ಮದರಾಸನ್ನು ಸೇರಬೇಕಾಗಿದ್ದ ಕಾಲದಿಂದ ಧ್ರುವವನ್ನು ಒಂದೇ ಉಸಿರಿಗೆ ದಾಟುವ ಕಾಲದವರೆಗೆ ಒಂದು ಮನುಷ್ಯಾಯುಷ್ಯದಷ್ಟೇ ಅಂತರ.

ಗಡಿಯಾರದ ಚಮತ್ಕಾರ

ಈ ಮೊದಲ ಹಾರಾಟದ ವಿಮಾನವು ಜನವರಿ 9ರ ರಾತ್ರಿ ಹೊರಟು ಜನವರಿ 11ರ ಬೆಳಗಿನ ಜಾವದಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹದಿನೇಳು ಗಂಟೆಗಳ ಪ್ರಯಾಣಕ್ಕೆ ಮೂರು ತಾರೀಖುಗಳು ಹೇಗೆ ಬಂದವು?

ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ 15 ಡಿಗ್ರಿಗೆ ಒಂದು ಗಂಟೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಪ್ರಮಾಣ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶದ್ದು. ಎಂದರೆ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. (ಮುಂಬಯಿಯು ಆ ರೇಖೆಗೆ ಸುಮಾರು 9.7 ಡಿಗ್ರಿ ಪಶ್ಚಿಮದಲ್ಲಿರುವುದರಿಂದ ನಮ್ಮ ಸೂರ್ಯನು ನಮ್ಮ ಗಡಿಯಾರಕ್ಕಿಂತ 39 ನಿಮಿಷ ಹಿಂದೆ.) ಸ್ಯಾನ್ ಫ್ರಾನ್ಸಿಸ್ಕೋದ ಚಳಿಗಾಲದ ಕಾಲವು 120 ಡಿಗ್ರಿ ಪಶ್ಚಿಮದ್ದು, ಗ್ರೀನಿಚ್ಚಿಗಿಂತ ಎಂಟು ಗಂಟೆ ಹಿಂದೆ. ಒಟ್ಟು ವ್ಯತ್ಯಾಸ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಹನ್ನೆರಡೂವರೆ ಗಂಟೆ.

ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟರೆ, ಆಗ ಬೆಂಗಳೂರಿನಲ್ಲಿ ಜನವರಿ 10ರ ಬೆಳಗಿನ ಹತ್ತು ಗಂಟೆ. ಅದಕ್ಕೆ 17 ಗಂಟೆ ಸೇರಿಸಿದರೆ ಜನವರಿ 11ರ ಬೆಳಗಿನ ಮೂರು ಗಂಟೆ. ಲೆಕ್ಕ ಸರಿಹೋಯಿತು. ಇದಕ್ಕೆ ವಿರುದ್ಧವಾಗಿ, ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರನ್ನು ಬಿಟ್ಟು 16 ಗಂಟೆ ಹಾರಿದವನು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಸೋಮವಾರ ಸಂಜೆ ಐದು ಗಂಟೆಗೆ ಇಳಿಯುತ್ತಾನೆ! ಹದಿನಾರು ಗಂಟೆಗಳ ಪ್ರಯಾಣವು ಗಡಿಯಾರದ ಕಣ್ಣಿಗೆ ಎರಡೂವರೆ ಗಂಟೆಯಾಯಿತು. ಆದರೆ ಇದು ಸಾಲ ಪಡೆದ ಹೊತ್ತು. ಮರಳಿ ಬರುವಾಗ ತೀರಿಸಲೇಬೇಕು. 17 ಗಂಟೆ ಹಾರಿ ಬರುವಾಗ ಗಡಿಯಾರವು ಮೂವತ್ತೂವರೆ ಗಂಟೆ ತೋರಿಸುತ್ತದೆ. ಎರಡೂವರೆ ಮತ್ತು ಮೂವತ್ತೂವರೆ ಸೇರಿ 33. ಹದಿನಾರು ಮತ್ತು ಹದಿನೇಳು ಸೇರಿದರೂ 33. ಗಡಿಯಾರವು ನಮ್ಮನ್ನು ಬೆರಗುಗೊಳಿಸಬಹುದು, ವಂಚಿಸಲಾರದು.

ಆದುದರಿಂದ ಪ್ರಯಾಣದ ಚೀಟಿಯನ್ನು ನೋಡುವಾಗ, ಹೊರಡುವ ಹೊತ್ತಿನಿಂದ ತಲಪುವ ಹೊತ್ತನ್ನು ಸುಮ್ಮನೆ ಕಳೆಯಬಾರದು. ಎರಡನ್ನೂ ಒಂದೇ ಊರಿನ ಕಾಲಕ್ಕೆ ತಿರುಗಿಸಿಕೊಂಡು, ಅನಂತರ ಕಳೆಯಬೇಕು. ತಾರೀಖನ್ನೂ ಮರೆಯದೆ ನೋಡಬೇಕು. ಇಲ್ಲವಾದರೆ ಬಂಧುಗಳನ್ನು ಎದುರುಗೊಳ್ಳಲು ಒಂದು ದಿನ ಮುಂಚೆಯೋ ಒಂದು ದಿನ ತಡವಾಗಿಯೋ ನಿಲ್ದಾಣಕ್ಕೆ ಹೋದಂತಾದೀತು. ಕಾಯಿಲೆಯ ತಾಯಿಯ ಮಂಚದ ಬಳಿ ಕುಳಿತವರಿಗೆ "ನಾಳೆ ಬೆಳಗಿನ ಜಾವ ಮೂರಕ್ಕೆ ಬರುತ್ತಾನೆ" ಎಂದು ತಪ್ಪಿಲ್ಲದೆ ಹೇಳಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಅದೇನು ಸಣ್ಣ ಉಪಕಾರವಲ್ಲ.

ಅಭ್ಯಾಸ

1. ಮುಂಬಯಿಯ ವಿಮಾನ ನಿಲ್ದಾಣವು 19.1 ಡಿಗ್ರಿ ಉತ್ತರ, 72.9 ಡಿಗ್ರಿ ಪೂರ್ವದಲ್ಲಿಯೂ, ಲಂಡನ್ನಿನದು 51.5 ಡಿಗ್ರಿ ಉತ್ತರ, 0.5 ಡಿಗ್ರಿ ಪಶ್ಚಿಮದಲ್ಲಿಯೂ ಇವೆ. ದೂರವನ್ನು ಲೆಕ್ಕ ಮಾಡಿರಿ. (ಉತ್ತರ: ಸುಮಾರು 7,200 ಕಿಲೋಮೀಟರು.)

2. ಭೂಮಧ್ಯರೇಖೆಯ ಮೇಲಿರುವ ಎರಡು ಊರುಗಳ ರೇಖಾಂಶಗಳ ವ್ಯತ್ಯಾಸ 90 ಡಿಗ್ರಿ. ಭೂಪಟದ ಸರಳರೇಖೆಯೂ ಮಹಾವೃತ್ತದ ದಾರಿಯೂ ಇಲ್ಲಿ ಒಂದೇ ಆಗುವುದೇಕೆ? ದೂರವೆಷ್ಟು? (ಉತ್ತರ: ಭೂಮಧ್ಯರೇಖೆಯೇ ಮಹಾವೃತ್ತವಾದುದರಿಂದ, ಸುಮಾರು 10,000 ಕಿಲೋಮೀಟರು.)

3. ವಿಮಾನದ ವೇಗ 900, ಗಾಳಿಯ ವೇಗ 100, ದೂರ 3,000 ಕಿಲೋಮೀಟರು. ಗಾಳಿಯೊಡನೆ ಹೋಗಿ ಗಾಳಿಗೆ ಎದುರಾಗಿ ಬರಲು ಎಷ್ಟು ಹೊತ್ತು? ಗಾಳಿಯಿಲ್ಲದಿದ್ದರೆ ಎಷ್ಟು? (ಉತ್ತರ: 6 ಗಂಟೆ 45 ನಿಮಿಷ, 6 ಗಂಟೆ 40 ನಿಮಿಷ.)

4. ಡಿಸೆಂಬರ್ 31ರ ಮಧ್ಯಾಹ್ನ ಹನ್ನೆರಡಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 17 ಗಂಟೆ ಹಾರಿದ ವಿಮಾನವು ಬೆಂಗಳೂರಿನಲ್ಲಿ ಎಂದು, ಎಷ್ಟು ಹೊತ್ತಿಗೆ ಇಳಿಯುತ್ತದೆ? ಅದು ಹೊರಟಾಗ ಬೆಂಗಳೂರಿನವರಿಗೆ ಹೊಸ ವರ್ಷವು ಬಂದಿತ್ತೇ? (ಉತ್ತರ: ಜನವರಿ 1ರ ಸಂಜೆ ಆರೂವರೆಗೆ, ಬಂದು ಒಂದೂವರೆ ಗಂಟೆಯಾಗಿತ್ತು.)